ಕ್ಯಾಪ್ಟನ್ ರುದ್ರಸೇನನಿಗೆ ಗೋಧಿ ಹುಗ್ಗಿ

ಬಳ್ಳಾರಿಯಲ್ಲಿ ಎಸ್ಸೆಸ್ಸೆಲ್ಸಿ ಪತ್ರಿಕೆಗಳ ಮೌಲ್ಯಮಾಪನ ಮುಗಿಸಿ, ಊರವರ ಮಕ್ಕಳ ಕಾಗುಣಿತವನ್ನೆಲ್ಲ ತಲೆಗೆ ಹತ್ತಿಸಿಕೊಂಡು ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಇಳಿದ ಕೊಟ್ರಸ್ವಾಮಿ ಮೇಷ್ಟ್ರಿಗೆ ಎದುರಿಗೇ ಒಂದು ಫ್ಲೆಕ್ಸ್ ಕಾಣಿಸಿತು. ಕನ್ನಡಕ ಚೀಲದ ತಳದಲ್ಲಿ ಕೊಳೆ ಬಟ್ಟೆಗಳ ನಡುವೆ ಎಲ್ಲೋ ಇತ್ತು. ಆದರೂ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಅಕ್ಷರಗಳು ಕನ್ನಡಕದ ಹಂಗಿಲ್ಲದಷ್ಟು ದಪ್ಪವಾಗಿದ್ದವು. ನಡುವೆ ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಹಣೆ ತುಂಬ ವಿಭೂತಿಯ ಒಬ್ಬ ಮೀಸೆಯ ಗಂಡಸು. ಕೆಳಗೆ ದುಃಖತಪ್ತರ ಜಾಗದಲ್ಲಿ ಕೈಮುಗಿದು ನಿಂತಿದ್ದವರು ಒಬ್ಬರೇ: ಮೇಷ್ಟ್ರ ಮನೆ ಮಾಲೀಕರು, ಹಿಟ್ಟಿನ ಗಿರಣಿಯ ಪಂಚಾಕ್ಷರಪ್ಪ.

ಕೆಳಗಿನ ಸಣ್ಣ ಅಕ್ಷರದ ಹೆಸರು ಮೇಷ್ಟ್ರಿಗೆ ಮಸುಕಾಗಿಯೇ ಉಳಿಯಿತು. ಪಂಚಾಕ್ಷರಪ್ಪನವರಿಗೆ ಹಿರೇಹಡಗಲಿಯಲ್ಲಿ ಪಾಲಾಕ್ಷಪ್ಪ ಎಂಬ ಅಣ್ಣ ಇದ್ದಾರೆಂದು ಕೇಳಿದ್ದರೇ ಹೊರತು ಅವರನ್ನು ಕಂಡಿರಲಿಲ್ಲ. ಹೋದವರು ಅವರೇ ಇರಬೇಕು. ಮೇಷ್ಟ್ರು ಪಾಠ ಹೇಳುವ ಹರಪನಹಳ್ಳಿಯ ಶಾಲೆಯಲ್ಲಿ ಯಾರು ತೀರಿಕೊಂಡರೂ ನಾಲ್ಕು ಮಾತು ಆಡುವ ಕೆಲಸ ಕನ್ನಡ ಮೇಷ್ಟ್ರ ಪಾಲಿಗೇ ಬರುತ್ತಿತ್ತು. ಹಾಗಾಗಿ ಮಾತುಗಳು ಸಿದ್ಧವಾಗಿಯೇ ಇದ್ದವು. ಹಾರ ಮಾತ್ರ ಕೊಳ್ಳಬೇಕಾಗಿತ್ತು. ಅದನ್ನೂ ಕೊಂಡು ಮನೆಗೆ ನಡೆದರು.

ಪಡಸಾಲೆಯಲ್ಲಿ ಪಂಚಾಕ್ಷರಪ್ಪನವರ ಹೆಂಡತಿ ನಾಗಲಿಂಗಮ್ಮ ಅಕ್ಕಿ ಆರಿಸುತ್ತ ಕೂತಿದ್ದರು. ಮಂಚದ ಮೇಲೆ ಯಾರೋ ವಯಸ್ಸಾದವರು ಸಾಸರಿನಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಹೊಸ್ತಿಲಲ್ಲೇ ಶುರು ಮಾಡಿದರು.

“ಏನು ಅನ್ಯಾಯ ಆತು ಅಮ್ಮಾರೇ. ಹಿರೇಹಡಗಲಿ ಅಣ್ಣಾರು ಅಂದ್ರ ದೇವರಂಥ ಮನುಷ್ಯರು. ಒಬ್ಬರಿಗೆ ಒಂದು ಬಿರುಸು ಮಾತು ಅಂದವರಲ್ಲ. ತಮ್ಮನ ಸಲುವಾಗಿ ಹೊಲಾನಽ ಬಿಟ್ಟುಕೊಟ್ಟಂಥ ಪುಣ್ಯಾತ್ಮರು.”

“ಯಾವ ಹೊಲ? ಯಾವಾಗ ಬಿಟ್ಟುಕೊಟ್ರು?” ಎಂದರು ನಾಗಲಿಂಗಮ್ಮ.

“ನಡುವ ಬಾಯಿ ಹಾಕಬ್ಯಾಡವ್ವ” ಎಂದರು ಮಂಚದ ಮೇಲಿನವರು, ಸಾಸರನ್ನು ಕೆಳಗಿಟ್ಟು. “ಮುಂದ ಹೇಳ್ರಿ ಮೇಷ್ಟ್ರೇ.”

ಮೇಷ್ಟ್ರು ಮುಂದೆ ಹೇಳಿದರು. ದಾನ, ಧರ್ಮ, ನಗುಮುಖ, ಯಾವುದನ್ನೂ ಬಿಡಲಿಲ್ಲ. ಕಣ್ಣೂ ಒದ್ದೆಯಾಯಿತು. ಮುಗಿಸಿ, ಮೂಗು ಒರೆಸಿಕೊಂಡು, “ತಾವು ಅವರಿಗೆ ಏನಾಗಬೇಕು?” ಎಂದು ಕೇಳಿದರು.

“ನಾನಽ ಪಾಲಾಕ್ಷಪ್ಪ” ಎಂದರು ಅವರು. “ಆದ್ರೂ ಭಾಳ ಚಲೋ ಮಾತಾಡಿದ್ರಿ. ನಮ್ಮ ಮನ್ಯಾಗ ಯಾರೂ ಹಿಂಗ ಮಾತಾಡಂಗಿಲ್ಲ.”

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸವಿತ್ತು. ನಾಗಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗು ಮುಗಿಸಿ ವಿಷಯ ತಿಳಿಸಿದರು.

“ಸತ್ತವ ಟೀವಿಯವನ್ರಿ. ಆ ರುದ್ರಸೇನ. ಸೋಮವಾರ ಸಂಜಿ ಸೋಪಿನ ಜಾಹೀರಾತು ಬರೋದಕ್ಕಿಂತ ಸ್ವಲ್ಪ ಮುಂಚೆ ಹೋದ. ಇವರು ಮರುದಿನಾನಽ ಫ್ಲೆಕ್ಸ್ ಹಾಕಿಸ್ಯಾರ.”

ಫ್ಲೆಕ್ಸ್ ಅಂಗಡಿಯವನ ಹತ್ತಿರ ಸತ್ತವರಿಗೆಂದು ಇದ್ದದ್ದು ಒಂದೇ ನಮೂನೆ. ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ರುದ್ರಸೇನನ ಬೆಳ್ಳಿ ಬಣ್ಣದ ಸಮವಸ್ತ್ರದ ಮೇಲೆ ಅವನು ಅದನ್ನೇ ಕೂರಿಸಿ, ಶಾಲು ಹೊದಿಸಿ, ವಿಭೂತಿ ಹಚ್ಚಿ ಕಳಿಸಿದ್ದ. ಮೇಷ್ಟ್ರು ತಂದ ಹಾರವನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಪಾಲಾಕ್ಷಪ್ಪನವರೇ, “ನನಗಂತ ತಂದದ್ದಲ್ಲೇನು” ಎಂದು ಅದನ್ನು ಕೊರಳಿಗೆ ಹಾಕಿಕೊಂಡು ಚಹಾ ಮುಂದುವರಿಸಿದರು.

‘ಗ್ರಹಾಂತರ’ ಎಂಬ ಆ ಧಾರಾವಾಹಿ ಶುರುವಾದಾಗ ಪಂಚಾಕ್ಷರಪ್ಪನವರ ಮೀಸೆ ಕಪ್ಪಗಿತ್ತು. ಹದಿನೈದು ವರ್ಷಗಳಿಂದ ಗರುಡ ಎಂಬ ನೌಕೆ ಎಲ್ಲಿಗೋ ಹೊರಟಿದೆ, ಇನ್ನೂ ಮುಟ್ಟಿಲ್ಲ. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ಆ ಧಾರಾವಾಹಿಯನ್ನು ಎಂದೂ ನೋಡಿರಲಿಲ್ಲ. ಆದರೆ ಕೆಳಗಿನಿಂದ ಏಳುವ ಬೈಗುಳದಿಂದಲೇ ಅವರಿಗೆ ಕಥೆಯೆಲ್ಲ ಗೊತ್ತಿತ್ತು.

“ಬಾಹ್ಯಾಕಾಶದಾಗ ಗಾಳಿ ಇಲ್ಲ ಅಂತ ಇವನಽ ಹೇಳ್ತಾನ, ಆಕಿ ಸೆರಗು ಹೆಂಗ ಹಾರ್ತೈತಿ?” ಎಂದು ಪಂಚಾಕ್ಷರಪ್ಪ ಟೀವಿಯನ್ನು ಕೇಳುತ್ತಿದ್ದರು. ಅನ್ಯಗ್ರಹದವರು ಯುಗಾದಿಗೆ ಬೇವು ಬೆಲ್ಲ ತಿಂದಾಗ ರಿಮೋಟ್ ಬಿಸಾಕಿದ್ದರು. ಉಲ್ಕೆಗಳ ಮಳೆಯಲ್ಲಿ ನೌಕೆ ಮೂರು ತಿಂಗಳು ಸಿಕ್ಕಿಕೊಂಡಿದ್ದಾಗ, “ನಮ್ಮ ಉಜ್ಜಿನಿ ಬಸ್ಸು ಹಾಕಿದ್ರೂ ಇಷ್ಟೊತ್ತಿಗೆ ದಾಟ್ತಿತ್ತು” ಎಂದಿದ್ದರು. ದಿನಾ ಸಂಜೆ ಎಂಟಕ್ಕೆ, “ಇವತ್ತಿಗೆ ಸಾಕು, ನಾಳಿಂದ ನೋಡಂಗಿಲ್ಲ” ಎಂದು ಎದ್ದು ಕೈತೊಳೆಯುತ್ತಿದ್ದರು. ಮರುದಿನ ಏಳಕ್ಕೆ ಐದು ನಿಮಿಷ ಇರುವಾಗಲೇ ಗಿರಣಿಯ ಬೆಲ್ಟ್ ಬಿಚ್ಚಿ, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದು ಕೂರುತ್ತಿದ್ದರು.

ಅದೇಕೆಂದು ಮೇಷ್ಟ್ರು ಒಮ್ಮೆ ಕೇಳಿದ್ದರು.

“ಮೊದಲೆಲ್ಲ ಶುರುವಿನಾಗ ಐದು ನಿಮಿಷ ನೌಕೆ ಸುಮ್ಮನ ಹೋಗ್ತಿತ್ರಿ” ಎಂದಿದ್ದರು ಪಂಚಾಕ್ಷರಪ್ಪ. “ಕತ್ತಲಿ, ಚುಕ್ಕಿ, ಒಂದು ಸದ್ದಿಲ್ಲ. ದಿನಾ ಗಿರಣಿ ಸದ್ದು ಕೇಳಿ ಕೇಳಿ ಸತ್ತ ಕಿವಿಗೆ ಅದಽ ಊಟ. ಈಗ ಹಲ್ಕಟ್ ಮಂದಿ ಅದಕ್ಕೂ ಡೋಲು ಹಚ್ಚ್ಯಾರ.”

“ಹಂಗಾರ ಬಿಡ್ರಿ. ಕಳಪೆ ಆಗೇತಿ ಅಂತ ಎಲ್ಲಾರೂ ಅಂತಾರ.”

ಪಂಚಾಕ್ಷರಪ್ಪನವರ ಮುಖ ಗಟ್ಟಿಯಾಗಿತ್ತು. “ಯಾರು ಅಂದವರು? ಹದಿನೈದು ವರ್ಷ ನೋಡಿದವರಿಗೆ ಬೈಯೋ ಹಕ್ಕೈತಿ. ನೀವೂ ಒಂದೈದು ವರ್ಷ ನೋಡ್ರಿ, ಆಮ್ಯಾಲ ಬೈಯ್ರಿ.”

ಅಂಥ ಮನುಷ್ಯ ರುದ್ರಸೇನ ಸತ್ತ ಮೇಲೆ ದಿವಸದ ಊಟವನ್ನೂ ಹಾಕಿದರು. ಗಿರಣಿಗೆ ಬರುವವರಿಗೆಲ್ಲ ಹೇಳಿ ಕಳಿಸಿ, ಗಿರಣಿಯ ಮುಂದೆಯೇ ಪಂಕ್ತಿ ಹಾಕಿ ಗೋಧಿ ಹುಗ್ಗಿ ಬಡಿಸಿದರು. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹಂಪಮ್ಮ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುತ್ತ, “ಇಂಥ ಸಾವು ತಿಂಗಳಿಗೊಂದು ಬರ್ಲಿ ಸಾವುಕಾರ್ರೇ, ಅಳೋರು ಕಮ್ಮಿ, ಉಣ್ಣೋರು ಜಾಸ್ತಿ” ಎಂದಳು. ಪಂಚಾಕ್ಷರಪ್ಪ ನಗಲಿಲ್ಲ. ಪಂಕ್ತಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು.

“ರುದ್ರಸೇನ ಹೋದ. ನನಗೂ ಗ್ರಹಾಂತರಕ್ಕೂ ಋಣ ಹರೀತು. ಇನ್ನ ನಾನು ಅದನ್ನ ಕಣ್ಣೆತ್ತಿ ನೋಡಿದ್ರ ನನ್ನ ಮಾತಿಗೆ ಕಿಮ್ಮತ್ತಿಲ್ಲ ಅಂತ ತಿಳ್ಕಳ್ರಿ.”

ಇದು ಸಣ್ಣ ಮಾತಲ್ಲ. ಜೋಳ ಬೀಸಲು ಬಂದವರು ತಮ್ಮ ಜಗಳವನ್ನೂ ತಂದು ಪಂಚಾಕ್ಷರಪ್ಪನವರ ಮುಂದೆ ಸುರಿಯುತ್ತಿದ್ದರು. ಗೋಡೆ ಯಾರದು, ಬೇವಿನಮರ ಯಾರದು ಎಂಬುದಕ್ಕೆಲ್ಲ ಅವರು ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳಿದ್ದೇ ತೀರ್ಮಾನ. ಆಡಿದ ಮಾತನ್ನು ತಿರುಗಿಸುವವರಲ್ಲ ಎಂಬ ಒಂದೇ ಕಾರಣಕ್ಕೆ ಜನ ಒಪ್ಪುತ್ತಿದ್ದರು. ಆ ಹೆಸರು ಹೋದರೆ ಉಳಿಯುವುದು ಹಿಟ್ಟು ಮಾತ್ರ. ಅದು ಅವರಿಗೂ ಗೊತ್ತಿತ್ತು.

ನಾಗಲಿಂಗಮ್ಮ ಅಂದಿನಿಂದಲೇ ಏಳು ಗಂಟೆಯನ್ನು ವಶಪಡಿಸಿಕೊಂಡು ಅಡುಗೆಯ ಕಾರ್ಯಕ್ರಮ ಹಚ್ಚಿದರು. ಪಂಚಾಕ್ಷರಪ್ಪ ಅವರೊಂದಿಗೆ ಕೂತು ಅಣಬೆ ಹೆಚ್ಚುವುದನ್ನು ಮೌನವಾಗಿ ನೋಡಿದರು. ಒಂದು ತಿಂಗಳು ಹೀಗೇ ಕಳೆಯಿತು.

ಆಮೇಲೆ ರುದ್ರಸೇನ ಬದುಕಿ ಬಂದ.

ಸುದ್ದಿ ಮೊದಲು ಮುಟ್ಟಿಸಿದವಳು ಹಂಪಮ್ಮ. ಅಂದು ಗಿರಣಿಯಲ್ಲಿ ಎರಡು ಡಬ್ಬಿ ಜೋಳ ರವೆಯಾಗಿ ಹೊರಗೆ ಬಂತು. ಸಂಜೆ ಏಳಕ್ಕೆ ಸರಿಯಾಗಿ ಮೇಷ್ಟ್ರ ಬಾಗಿಲು ಬಡಿಯಿತು.

“ಮ್ಯಾಲಿನ ಟ್ಯಾಂಕಿ ಸೋರ್ತೈತೇನು ನೋಡಿ ಹೋಗಾನ ಅಂತ ಬಂದೆ” ಎಂದರು ಪಂಚಾಕ್ಷರಪ್ಪ.

“ಇಲ್ರಿ, ಸೋರಂಗಿಲ್ಲ.”

“ಸೋರಬಹುದು. ಸ್ವಲ್ಪ ಕುಂದ್ರತೀನಿ. ನೀವು ಟೀವಿ ಹಚ್ಚಿಕಳ್ರಿ, ನನ್ನ ಸಲುವಾಗಿ ಸಂಕೋಚ ಬ್ಯಾಡ.”

ಮೇಷ್ಟ್ರ ಹೆಂಡತಿ ಪುಷ್ಪಲತಾ ಹಗರಿಬೊಮ್ಮನಹಳ್ಳಿಯ ಬ್ಯಾಂಕಿನಿಂದ ಬರುತ್ತಿದ್ದದ್ದು ಎಂಟಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಮೇಷ್ಟ್ರೊಬ್ಬರೇ. ಬೇರೆ ದಾರಿಯಿಲ್ಲದೆ ‘ಗ್ರಹಾಂತರ’ ಹಚ್ಚಿದರು. ಪಂಚಾಕ್ಷರಪ್ಪ ಕುರ್ಚಿಯನ್ನು ತಿರುಗಿಸಿ, ಟೀವಿಗೆ ಬೆನ್ನು ಕೊಟ್ಟು, ಗೋಡೆಯತ್ತ ಮುಖ ಮಾಡಿ ಕುಳಿತರು. ಮಾತೆಂದರೆ ಮಾತು. ಮೇಷ್ಟ್ರಿಗೆ ಅವರ ಮೇಲೆ ಗೌರವ ಉಕ್ಕಿ ಬಂತು.

ಇದು ದಿನದ ಪದ್ಧತಿಯಾಯಿತು. ಮೇಷ್ಟ್ರು ನೋಡುವರು, ಪಂಚಾಕ್ಷರಪ್ಪ ಗೋಡೆ ನೋಡುವರು. ಸಂಜಯನ ಕೆಲಸ ಸಿಕ್ಕಿತೆಂದು ಮೇಷ್ಟ್ರು ಹುರುಪಿನಿಂದ ವಿವರಣೆ ಕೊಡತೊಡಗಿದರು. “ಈಗ ಕ್ಯಾಪ್ಟನ್ ಮಹಾಶಯರು ಮದಿಸಿದ ಆನೆಯಂತೆ…” ಎನ್ನುವಷ್ಟರಲ್ಲಿ ಪಂಚಾಕ್ಷರಪ್ಪ, “ಆನಿ ಬಿಡ್ರಿ, ಬಾಗಲಾ ತೆಗದ ಬಿಟ್ಟಾನ, ಗಾಳಿ ಹೊರಗ ಹೋಗಂಗಿಲ್ಲೇನು?” ಎನ್ನುತ್ತಿದ್ದರು. ಬಾಗಿಲು ತೆರೆದದ್ದನ್ನು ಮೇಷ್ಟ್ರು ಇನ್ನೂ ಹೇಳಿರುತ್ತಿರಲಿಲ್ಲ. ಹದಿನೈದು ವರ್ಷದ ಅನುಭವ, ಸದ್ದಿನಲ್ಲೇ ಗುರುತಿಸುತ್ತಾರೆ ಎಂದುಕೊಂಡು ಮೇಷ್ಟ್ರು ಇನ್ನಷ್ಟು ಬೆರಗಾದರು. ಕನ್ನಡ ಮೇಷ್ಟ್ರಿಗೆ ಬೆರಗಾಗುವುದು ಸುಲಭ.

ಒಂದು ಶನಿವಾರ ಪಂಚಾಕ್ಷರಪ್ಪ ಗೋಡೆಯತ್ತ ನೋಡುತ್ತಲೇ ನಿಟ್ಟುಸಿರುಬಿಟ್ಟರು.

“ಇವ ಅವನಲ್ರಿ ಮೇಷ್ಟ್ರೇ. ಮೋಸ. ನಮ್ಮ ರುದ್ರಸೇನ ಬಲಗೈಲೆ ಬಂದೂಕು ಹಿಡಿಯಾವ. ಇವ ಎಡಚ ಅದಾನ.”

ಮೇಷ್ಟ್ರು ಟೀವಿ ನೋಡಿದರು. ಬಂದೂಕು ಬಲಗೈಯಲ್ಲೇ ಇತ್ತು. ಪಂಚಾಕ್ಷರಪ್ಪನವರತ್ತ ನೋಡಿದರು. ಆಮೇಲೆ ಅವರೆದುರಿನ ಗೋಡೆಯತ್ತ ನೋಡಿದರು. ಅಲ್ಲಿ ಮೇಷ್ಟ್ರ ಮದುವೆಯಲ್ಲಿ ಬಂದ ಕಬ್ಬಿಣದ ಬೀರು ನಿಂತಿತ್ತು. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ ಇತ್ತು. ಕನ್ನಡಿಯೊಳಗೆ ಇಡೀ ಟೀವಿ ಇತ್ತು, ಅದರೊಳಗೆ ಕ್ಯಾಪ್ಟನ್ ರುದ್ರಸೇನ ಎಡಗೈಯಲ್ಲಿ ಬಂದೂಕು ಹಿಡಿದು ನಿಂತಿದ್ದ.

ಮನೆ ಮಾಲೀಕರಿಗೆ ಇಂಥದ್ದನ್ನು ಹೇಗೆ ಹೇಳುವುದು? ಮೇಷ್ಟ್ರು, “ಇರಬಹುದ್ರಿ” ಎಂದರು.

ಅದು ಮೇಷ್ಟ್ರ ತಪ್ಪು. ಮರುದಿನ ಅವರು ಗೋಧಿ ಹಿಡಿದುಕೊಂಡು ಗಿರಣಿಗೆ ಹೋದಾಗ ಭಾನುವಾರದ ಜನ ತುಂಬಿತ್ತು. ಸರದಿಯಲ್ಲಿ ಮುಂದೆ ನಿಂತಿದ್ದವಳು ಹಂಪಮ್ಮ.

“ಏನೇ ಆಗ್ಲಿ ಸಾವುಕಾರ್ರೇ, ಸತ್ತವ ಬಂದ ಅಂದ್ರ ಸಂತೋಷಾನಽ. ನಮ್ಮ ಹುಗ್ಗಿ ಪುಣ್ಯ” ಎಂದಳು.

“ಯಾವ ಪುಣ್ಯ? ಬಂದವ ಅವನಲ್ಲ” ಎಂದು ಪಂಚಾಕ್ಷರಪ್ಪ ಗಿರಣಿಯ ಸದ್ದಿನ ಮೇಲೆ ಕೂಗಿದರು. “ಡೂಪ್ಲಿಕೇಟ್. ಎಡಗೈಲೆ ಬಂದೂಕು ಹಿಡೀತಾನ.”

ಹಂಪಮ್ಮ ಕೈಯಲ್ಲಿದ್ದ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟಳು. “ಎಡಗೈ ಅಲ್ಲ, ಬಲಗೈ. ನಾವೆಲ್ಲ ನೋಡೇವಲ್ಲ. ಅದಿರ್ಲಿ, ನೋಡಂಗಿಲ್ಲ ಅಂದವರು ನೀವು. ಕೈ ಹೆಂಗ ಕಂಡ್ತು?”

ಪಂಚಾಕ್ಷರಪ್ಪ ಕೈ ಚಾಚಿ ಗಿರಣಿ ಬಂದ್ ಮಾಡಿದರು. ಯಾಕೆ ಮಾಡಿದರೋ, ಮಾಡಬಾರದಿತ್ತು. ಆ ನಿಶ್ಶಬ್ದದಲ್ಲಿ ಪ್ರಶ್ನೆ ಇನ್ನಷ್ಟು ದೊಡ್ಡದಾಗಿ ಕೇಳಿಸಿತು. ಸರದಿಯವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ಆ ಮುಖಕ್ಕೆ ಹಿಟ್ಟು ಮೆತ್ತಿತ್ತು, ಬಣ್ಣ ಬದಲಾದದ್ದು ಗೊತ್ತಾಗುವಂತಿರಲಿಲ್ಲ.

ಮೇಷ್ಟ್ರು ನುಗ್ಗಿದರು. “ಅವರು ನೋಡಿಲ್ಲ. ನಾನು ಹೇಳಿದ್ದು. ದಿನಾ ನಾನಽ ನೋಡಿ ಅವರಿಗೆ ಹೇಳ್ತೀನಿ.”

“ಮತ್ತ ಎಡಗೈ ಅಂದ್ರಲ್ಲ?”

“ಬಾಯಿ ತಪ್ಪಿ ಹೇಳಿದೆ.”

“ಎಡ ಯಾವುದು ಬಲ ಯಾವುದು ಗೊತ್ತಿಲ್ಲದವರ ಕೈಯಾಗ ಸರ್ಕಾರ ಮಕ್ಕಳನ್ನ ಕೊಟ್ಟೈತಿ ನೋಡ್ರೆವ್ವ” ಎಂದಳು ಹಂಪಮ್ಮ. ಸರದಿಯುದ್ದಕ್ಕೂ ನಗು ಹರಿಯಿತು. ಮೇಷ್ಟ್ರ ಮೂವರು ಹಳೆಯ ವಿದ್ಯಾರ್ಥಿಗಳು ಎಲ್ಲರಿಗಿಂತ ಜೋರಾಗಿ ನಕ್ಕರು. ಮೇಷ್ಟ್ರು ತಲೆ ತಗ್ಗಿಸಿ ಗೋಧಿಯ ಚೀಲದ ಬಾಯಿಯನ್ನು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು.

ಪಂಚಾಕ್ಷರಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು ಮುಖದ ಹಿಟ್ಟು ಒರೆಸಿಕೊಂಡರು. ತೀರ್ಮಾನ ಹೇಳುವಾಗ ಅವರು ಯಾವಾಗಲೂ ಹಾಗೆ ಮಾಡುತ್ತಿದ್ದರು.

“ಮೇಷ್ಟ್ರನ್ನ ನಗಬ್ಯಾಡ್ರಿ. ಅವರು ನನ್ನ ಮರ್ಯಾದಿ ಕಾಯಾಕ ಸುಳ್ಳು ಹೇಳ್ಯಾರ” ಎಂದರು.

“ಹಂಗಾರ ನೀವಽ ಖರೇ ಹೇಳಿಬಿಡ್ರಿ ಸಾವುಕಾರ್ರೇ” ಎಂದಳು ಹಂಪಮ್ಮ, ಸೊಂಟದ ಮೇಲೆ ಕೈಯಿಟ್ಟು. “ದಿನಾ ಸಂಜಿ ಮೇಷ್ಟ್ರ ಮನ್ಯಾಗ ಕುಂತು ನೀವು ನೋಡಿದ್ದು ಏನು?”

“ಬೀರು” ಎಂದರು ಪಂಚಾಕ್ಷರಪ್ಪ.