ಅರಿಶಿನ ಹಚ್ಚಿದ ಇಪ್ಪತ್ತೇಳು ಕಾರ್ಡುಗಳು

ಶಿಕಾರಿಪುರದ ಸುತ್ತಮುತ್ತ ನಡೆಯುವ ಮದುವೆಗಳಲ್ಲಿ ಅರ್ಧದಷ್ಟು ನನ್ನ ಅಂಗಡಿಯಲ್ಲೇ ಶುರುವಾಗುತ್ತವೆ ಎಂದು ನಾನು ಹೇಳಿದರೆ ನನ್ನ ಹೆಂಡತಿ ನಗುತ್ತಾಳೆ. ನಗಲಿ. ಲಗ್ನಪತ್ರಿಕೆ ಅಚ್ಚು ಹಾಕುವ ಸಿದ್ಧಲಿಂಗೇಶ್ ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಗಣಪತಿಯ ಸೊಂಡಿಲು ಕೂದಲೆಳೆಯಷ್ಟು ಸರಿದರೂ ನಾನು ಆ ಕಾರ್ಡನ್ನು ಗಿರಾಕಿಯ ಕೈಗೆ ಕೊಡುವವನಲ್ಲ. ಅಂಥ ಕಾರ್ಡನ್ನು ಒಬ್ಬ ಹೆಂಗಸು ನನ್ನ ಕಣ್ಣೆದುರಿಗೇ ಕತ್ತರಿಸಿ ಮೀನು ಮಾಡಿದರೆ ನನ್ನ ಹೊಟ್ಟೆ ಎಷ್ಟು ಉರಿಯಬೇಡ, ಹೇಳಿ.

ಆ ಹೆಂಗಸು ರಾಜೇಶ್ವರಮ್ಮ. ಹುಟ್ಟಿದ್ದು ಉಡುತಡಿಯಲ್ಲಿ, ಸೊಸೆಯಾಗಿ ಬಂದದ್ದು ನಮ್ಮ ಬೀದಿಗೆ. ನಮ್ಮ ಅಪ್ಪನ ಕಾಲದಲ್ಲಿ ಇಪ್ಪತ್ತೆರಡು ವರ್ಷ ನಮ್ಮ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸಿ, ಮಡಚಿ, ಬೈಂಡಿಂಗ್ ಮಾಡಿದವರು. ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವಾಗ ನನ್ನ ಪಟ್ಟಿಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟಿದ್ದೂ ಅವರೇ. ಹಾಗಾಗಿ ಈಗ ನನಗೆ ಐವತ್ತೊಂದಾದರೂ ಅವರ ಬಾಯಲ್ಲಿ ನಾನು ಸಿದ್ದು. ಕೆಲಸ ಬಿಡುವ ದಿನ ಅಪ್ಪ ಅವರಿಗೆ ಸೀರೆಯ ಜೊತೆ ಅವರು ದಿನಾ ಹಿಡಿಯುತ್ತಿದ್ದ ಉದ್ದನೆಯ ಕತ್ತರಿಯನ್ನೂ ಕೊಟ್ಟುಬಿಟ್ಟರು. ನನ್ನ ಕಷ್ಟಗಳೆಲ್ಲ ಆ ಕತ್ತರಿಯಿಂದಲೇ ಹುಟ್ಟಿದವು.

ಮೂರು ವರ್ಷದ ಹಿಂದೆ ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು ಒಂದೇ ಮೊಬೈಲಿಗೆ ಕಚ್ಚಾಡಿ, ಒಬ್ಬಳ ಕೈಗೆ ಹಲ್ಲಿನ ಗುರುತು ಬಿದ್ದಿತ್ತು. ರಾಜೇಶ್ವರಮ್ಮ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟು, ಗೋಡೆಯ ಗೂಡಿನಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನು ತೆಗೆದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇಂಥ ಒಂದು ರಾಶಿ ಇರುತ್ತದೆ. ಗಣಪತಿಯ ಚಿತ್ರ, ಕುಲದೇವರ ಹೆಸರು, ನಾಲ್ಕು ಮೂಲೆಗೆ ಅರಿಶಿನ ಇರುವ ಕಾಗದವನ್ನು ಕಸದ ಗಾಡಿಗೆ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಹತ್ತು ವರ್ಷದ ಹಿಂದೆ ಮದುವೆಯಾದವರ ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ಕಾರ್ಡು ಮಾತ್ರ ಗೂಡಿನಲ್ಲೇ ಕೂತಿರುತ್ತದೆ. ರಾಜೇಶ್ವರಮ್ಮ ಮೊದಲು ದೇವರ ಚಿತ್ರವನ್ನು ನಾಜೂಕಾಗಿ ಬಿಡಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಡಬ್ಬಿ ತುಂಬಿದ ಮೇಲೆ ಅದು ಅಶ್ವತ್ಥಕಟ್ಟೆಗೆ. ಉಳಿದ ಕಾಗದ ಮಕ್ಕಳಿಗೆ.

ಅಂದು ನಾಲ್ಕು ಕಾರ್ಡು ಅಂಟಿಸಿ ಚೌಕಾಬಾರದ ಮನೆ ಬರೆದರು, ಹುಣಸೆ ಬೀಜವನ್ನು ಒಂದು ಬದಿ ತಿಕ್ಕಿ ಬಿಳಿ ಮಾಡಿ ದಾಳ ಮಾಡಿದರು. ಮರುದಿನ ಎದುರು ಮನೆಯ ಮಕ್ಕಳು ಬಂದರು, ಮುಂದಿನ ವಾರ ಹಿಂದಿನ ಬೀದಿಯವರೂ ಬಂದರು. ಆಮೇಲೆ ಪ್ರತಿ ಭಾನುವಾರ ಅವರ ಜಗುಲಿಯ ಮೇಲೆ ಎಂಟು ಹತ್ತು ಮಕ್ಕಳು ಗೋಂದು ಮೆತ್ತಿಕೊಂಡು ಕೂರುವುದು ಪದ್ಧತಿಯೇ ಆಯಿತು. ಕಾರ್ಡಿನ ಮೀನುಗಳ ಬಾಯಿಗೆ ಸ್ಟೇಪ್ಲರ್ ಪಿನ್ನು ಹೊಡೆದು, ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಿಡಿಯುವುದು ಒಂದು ಆಟ. ದುಂಡಗೆ ಕತ್ತರಿಸಿ ನಡುವೆ ಬೆಂಕಿಕಡ್ಡಿ ಚುಚ್ಚಿ ತಿರುಗಿಸುವ ಬುಗುರಿ ಇನ್ನೊಂದು. ಆಟ ಯಾವುದೇ ಇರಲಿ, ಜಗುಲಿಯ ಕಾನೂನು ಒಂದೇ: ತುಂಡು ಬಚ್ಚಿಟ್ಟುಕೊಂಡವರು ಔಟ್, ಮುಂದಿನ ಆಟಕ್ಕೆ ಅವರು ಕೈಕಟ್ಟಿ ಕೂರಬೇಕು.

ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ರಾಜೇಶ್ವರಮ್ಮ ಕರೆಯುತ್ತಿದ್ದರು. "ಸಿದ್ದೂ, ಈ ಸಲ ಬಂಗಾರದ ಬಣ್ಣ ಚಲೋ ಬಂದೈತಪ್ಪ. ಮೀನಿನ ಹೊಟ್ಟೆಗೆ ಭಾಳ ಚಂದ ಆತು."

ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆ ಅದು. ನಾನು ಗೊಣಗುತ್ತಲೇ, ಅಚ್ಚು ಕೆಟ್ಟ ಕಾರ್ಡುಗಳನ್ನೂ ಯಾರೋ ತಂದುಕೊಟ್ಟ ಹಳೆಯವನ್ನೂ ಬಾಗಿಲ ಪಕ್ಕದ ಕೆಳಗಿನ ಹಲಗೆಯ ಮೇಲೆ ಅವರಿಗಾಗಿ ಇಡುತ್ತಿದ್ದೆ. ಅವರು ತಾವೇ ಬಂದು ಒಯ್ಯುತ್ತಿದ್ದರು. ಪ್ರೆಸ್ಸಿನಲ್ಲಿ ಪಳಗಿದವರು, ಅದಕ್ಕೂ ಒಂದು ಲೆಕ್ಕ ಇಟ್ಟುಕೊಂಡಿದ್ದರು. ಅರಿಶಿನ ಹತ್ತಿದ್ದು ಹಂಚಿ ಮುಗಿದ ಕಾರ್ಡು, ಅದನ್ನು ಕತ್ತರಿಸಬಹುದು. ಅರಿಶಿನ ಇಲ್ಲದ ಒಳ್ಳೆಯ ಕಾರ್ಡು ಇನ್ನೂ ಹೊರಡದ ಕಾರ್ಡು, ಅದನ್ನು ನನ್ನ ಕೇಳದೆ ಮುಟ್ಟಬಾರದು. ಮೂರು ವರ್ಷ ಆ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ.

ತಪ್ಪಿದ್ದು ಕಳೆದ ಮಾಘದಲ್ಲಿ. ಸೊರಬದ ವಕೀಲ ತ್ರ್ಯಂಬಕ ಅವರ ಮಗಳು ಶ್ರೀರಂಜಿನಿಯ ಮದುವೆ, ಹುಡುಗನ ಹೆಸರು ಶ್ರೀಶ. ಮುನ್ನೂರು ಕಾರ್ಡು. ವಕೀಲರೂ ಅವರ ಹೆಂಡತಿ ವಾಸಂತಿಯವರೂ ಶುಕ್ರವಾರ ಬೆಳಿಗ್ಗೆ ಕಾರ್ಡು ಒಯ್ಯಲು ಬಂದರು. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರಲ್ಲಿ ಊರು ಮುಟ್ಟುವುದು ಆಗದ ಮಾತು ಎಂದು ವಾಸಂತಿಯವರು ನನ್ನ ಮೇಜಿನ ಮೇಲೇ ಬಟ್ಟಲಲ್ಲಿ ಅರಿಶಿನ ಕದಡಿ, ಒಂದೊಂದೇ ಕಾರ್ಡಿನ ನಾಲ್ಕು ಮೂಲೆಗೂ ಹಚ್ಚಿದರು. ಸಹಾಯಕ್ಕೆ ಹೋದ ಗಂಡನಿಗೆ, "ನೀವು ಬೇಡ, ಇದು ನಾನೇ ಮಾಡೂದು," ಎಂದರು. ಆಮೇಲೆ ಜವಳಿ ಅಂಗಡಿಗೆ ಹೋದವರು ಸಂಜೆ ಫೋನು ಮಾಡಿ, ನೆಂಟರು ಬಂದಿದ್ದಾರೆ, ಊರಿಗೆ ಹೊರಟೆವು, ಕಾರ್ಡು ಸೋಮವಾರ ಒಯ್ಯುತ್ತೇವೆ ಎಂದರು. ಮೇಜು ಖಾಲಿಯಾಗಬೇಕಿತ್ತು. ನಾನು ಕಟ್ಟುಗಳನ್ನು ಎತ್ತಿ ಕೆಳಗಿನ ಹಲಗೆಯ ಮೇಲಿಟ್ಟೆ.

ಭಾನುವಾರ ಮಧ್ಯಾಹ್ನ ಜಗುಲಿಯಿಂದ ಕೇಕೆ ಕೇಳಿಸಿತು. ಹೊಸ ಆಟ ಶುರುವಾಗಿತ್ತು. ಕಾರ್ಡನ್ನು ವಧು ಒಂದು ಕಡೆ, ವರ ಒಂದು ಕಡೆ ಬರುವಂತೆ ನಡುವೆ ಎರಡು ಮಾಡಬೇಕು. ಗೆರೆ ನೇರ ಇರಬಾರದು, ಒಂದೊಂದು ಕಾರ್ಡಿಗೆ ಒಂದೊಂದು ಡೊಂಕು, ತನ್ನ ಜೋಡಿಗೆ ಬಿಟ್ಟು ಬೇರೆಯದಕ್ಕೆ ಕೂರಬಾರದು. ತುಂಡುಗಳನ್ನು ಬೋರಲು ಹಾಕಿ ಜೋಡಿ ಹುಡುಕುವುದು ಆಟ. ಜೋಡಿ ಕೂತರೆ ಎಲ್ಲರೂ ಬಾಯಲ್ಲೇ ವಾದ್ಯ ಊದಬೇಕು. ನಾನು ನಗುತ್ತಲೇ ಬಗ್ಗಿ ನೋಡಿದೆ. ಶ್ರೀಶ. ಪಕ್ಕದ್ದೂ ಶ್ರೀಶ. ಜಗುಲಿಯ ತುಂಬ ಶ್ರೀಶ.

ಅಂದು ನಾನು ಆಡಿದ ಮಾತುಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಐದು ವರ್ಷದ ಸುಷ್ಮಿತಾ ಎಂಬ ಹುಡುಗಿಯ ಕೈಯಲ್ಲಿದ್ದ ತುಂಡನ್ನು ಕಿತ್ತುಕೊಂಡು ಎಲ್ಲರ ಮುಖದ ಮುಂದೆ ಅಲ್ಲಾಡಿಸಿದೆ. "ತಾರೀಖು ಓದಾಕೆ ಬರಲ್ವಾ ನಿಮಗೆ? ಮದುವೆ ಇನ್ನೂ ಆಗಿಲ್ಲ ಕಣಕ್ಕಾ," ಎಂದು ಕಿರುಚಿದೆ. ಮಕ್ಕಳು ಚಪ್ಪಲಿ ಬಿಟ್ಟು ಓಡಿದರು. ರಾಜೇಶ್ವರಮ್ಮ ಒಂದು ಕಾರ್ಡು ಎತ್ತಿ ಮೂಲೆಯ ಅರಿಶಿನ ಮುಟ್ಟಿ ನೋಡಿದರು, ಬೆರಳಿಗೆ ಹೊಸ ಅರಿಶಿನದ ಪುಡಿ ಹತ್ತಿತು. ಅವರು ಕೂತಲ್ಲೇ ಕೂತರು.

ಹಲಗೆಯಿಂದ ಅವರು ಒಯ್ದದ್ದು ಎಣಿಸಿದರೆ ಇಪ್ಪತ್ತೇಳು. ಅಷ್ಟನ್ನು ಮತ್ತೆ ಅಚ್ಚು ಹಾಕುವುದು ನನಗೆ ಅರ್ಧ ಗಂಟೆಯ ಕೆಲಸ. ಸಿಟ್ಟು ಇಳಿದ ಮೇಲೆ ನಾನೇ ಹೇಳಿದೆ, "ಹೊಸದು ಹಾಕಿ ಸೇರಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ, ಸುಮ್ನಿದ್ದುಬಿಡ್ರಿ."

"ಅದಕ್ಕೆ ಅರಿಶಿನ ಯಾರು ಹಚ್ತಾರೆ? ನೀನಾ?" ಎಂದರು ರಾಜೇಶ್ವರಮ್ಮ. "ಆ ತಾಯಿ ತನ್ನ ಕೈಯಾರೆ ಹಚ್ಚಿದ್ದು. ಅದರ ಮೇಲೆ ನಾನು ಕತ್ತರಿ ಆಡಿಸೀನಿ, ಅದೂ ಇಬ್ಬರ ಹೆಸರಿನ ನಡುವೆ. ಹೋಗಿ ಹೇಳಬೇಕು." ಒಳಗೆ ಹೋಗಿ ಅಪ್ಪ ಕೊಟ್ಟಿದ್ದ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಇದು ನಿನ್ನ ಹತ್ರ ಇರ್ಲಿ. ಆ ತಾಯಿ ಮನಸ್ಸಿಗೆ ನೋವು ಉಳೀತು ಅಂದ್ರೆ ಈ ಆಟ ಇವತ್ತಿಗೆ ಮುಗೀತು."

ಮೂರು ವರ್ಷ ಅದು ಯಾವಾಗ ಮುಗಿಯುತ್ತದೋ ಎಂದು ಗೊಣಗಿದವನು ನಾನು. ಕತ್ತರಿ ಕೈಗೆ ಬಂದಾಗ ಮಾತ್ರ ಒಂದಿಷ್ಟೂ ಸಂತೋಷವಾಗಲಿಲ್ಲ.

ಸೋಮವಾರ ಬೆಳಿಗ್ಗೆ ವಕೀಲರಿಗೆ, ನಾವೇ ತರುತ್ತೇವೆ ಎಂದು ಫೋನು ಮಾಡಿ, ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಸೊರಬಕ್ಕೆ ಹೋದೆವು. ನನ್ನ ಕೈಯಲ್ಲಿ, ರಾತ್ರಿ ಹೊಸದಾಗಿ ಅಚ್ಚು ಹಾಕಿದ ಇಪ್ಪತ್ತೇಳನ್ನೂ ಸೇರಿಸಿದ ಕಾರ್ಡಿನ ಚೀಲ, ಕಂಕುಳಲ್ಲಿ ಆರ್ಡರ್ ಪುಸ್ತಕ. ಅವರ ಮಡಿಲಲ್ಲಿ ಕತ್ತರಿಸಿದ ತುಂಡುಗಳನ್ನು ತುಂಬಿದ ಸಿಹಿತಿಂಡಿ ಡಬ್ಬಿ. ದಾರಿಯುದ್ದಕ್ಕೂ ಅವರು ಅದರ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

ವಕೀಲರ ಮನೆಯ ಹಾಲಿನಲ್ಲಿ ಮೊದಲು ಯಾರ ಮನೆಗೆ ಕರೆಯಲು ಹೋಗಬೇಕು, ಹೊಸಬಾಳೆಗೋ ಕುಬಟೂರಿಗೋ ಎಂಬ ಚರ್ಚೆ ನಡೆದಿತ್ತು. ವಾಸಂತಿಯವರು ಕಾಫಿ ತಂದರು. ರಾಜೇಶ್ವರಮ್ಮ ಲೋಟ ಮುಟ್ಟದೆ, ಸುತ್ತು ಬಳಸದೆ, ನಡೆದದ್ದನ್ನೆಲ್ಲ ಹೇಳಿ ಡಬ್ಬಿಯನ್ನು ಮುಂದಿಟ್ಟರು.

ವಾಸಂತಿಯವರ ಮುಖ ಸಣ್ಣದಾಯಿತು. "ಇಬ್ಬರ ನಡುವೆ ಕತ್ತರಿ ಹೋಯ್ತಾ?" ಎಂದರು.

"ಅದು ಬರೀ ಪೇಪರ್ ಅಲ್ಲವೇನೇ," ಎಂದರು ವಕೀಲರು.

"ನಿಮಗೆ ಪೇಪರ್ರು. ಮುನ್ನೂರಕ್ಕೂ ಅರಿಶಿನ ಹಚ್ಚುವಾಗ ನಾನು ಒಂದೊಂದಕ್ಕೂ ದೇವರ ಹೆಸರು ಹೇಳಿದ್ದೆ."

ಆಗ ಒಳಗಿನಿಂದ ಮದುವಣಗಿತ್ತಿ ಶ್ರೀರಂಜಿನಿ ಬಂದು ಡಬ್ಬಿಯ ಮುಚ್ಚಳ ತೆಗೆದಳು. ಶ್ರೀಶನ ಹೆಸರಿನ ತುಂಡೊಂದನ್ನು ಎತ್ತಿ, ಹಾವಿನಂತೆ ಡೊಂಕಾದ ಅಂಚನ್ನು ನೋಡಿ ನಕ್ಕಳು. "ಇದನ್ನ ಆಡೂದು ಹೇಗೆ, ಅಮ್ಮಾ?" ಎಂದು ರಾಜೇಶ್ವರಮ್ಮನನ್ನೇ ಕೇಳಿದಳು.

ಆಟದ ವಿಷಯ ಕೇಳಿದರೆ ಆ ಹೆಂಗಸು ದುಃಖದಲ್ಲೂ ನೆಲಕ್ಕೆ ಇಳಿಯುತ್ತಾರೆ. ತುಂಡುಗಳು ಬೋರಲು ಬಿದ್ದವು. ಶ್ರೀರಂಜಿನಿ ಕೂತಳು, ಆಮೇಲೆ ವಕೀಲರೂ ಪಂಚೆ ಎತ್ತಿ ಕಟ್ಟಿ ಕೂತರು. ವಾಸಂತಿಯವರು ಬಾಗಿಲಿಗೆ ಒರಗಿ ನಿಂತೇ ಇದ್ದರು. ಆರನೆಯ ಜೋಡಿಗೆ ವಕೀಲರು ಎಡವಿದಾಗ, "ಅದಲ್ಲ ಮಾರಾಯ್ರೆ, ಆ ಮೂಲೆಯದ್ದು ನೋಡಿ," ಎಂಬ ದನಿ ಬಾಗಿಲಿಂದ ಬಂತು. ಹತ್ತನೆಯ ಜೋಡಿಯ ಹೊತ್ತಿಗೆ ಅವರೂ ನೆಲದ ಮೇಲಿದ್ದರು. ಕೂಡಿದ ಜೋಡಿಗಳನ್ನು ತಾವೇ ತಟ್ಟೆಯಲ್ಲಿ ಜೋಡಿಸಿಡತೊಡಗಿದರು. "ಕತ್ತರಿಸಿದ್ದು ಕೂಡ್ಸಾಕೇ ತಾಯಿ. ಮಕ್ಕಳು ನಿನ್ನೆ ಇವರಿಬ್ಬರ ಮದುವೆ ಹತ್ತು ಸಲನಾದ್ರೂ ಮಾಡ್ಯಾವೆ," ಎಂದರು ರಾಜೇಶ್ವರಮ್ಮ. ವಾಸಂತಿಯವರ ತುಟಿಯಲ್ಲಿ ನಗು ಇನ್ನೇನು ಬರಬೇಕು.

ಇಪ್ಪತ್ತಾರು ಜೋಡಿ ಆಯಿತು. ನೆಲದ ಮೇಲೆ ಒಂದೇ ತುಂಡು ಉಳಿಯಿತು. ಚಿ. ಸೌ. ಶ್ರೀರಂಜಿನಿ, ಒಂಟಿ.

ಡಬ್ಬಿ ಕೊಡವಿದರು, ಚಾಪೆ ಎತ್ತಿದರು. ಇಲ್ಲ. ವಾಸಂತಿಯವರು ತಟ್ಟೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು. ರಾಜೇಶ್ವರಮ್ಮನ ಕಣ್ಣು ತುಂಬಿತು. ಏನಾದರೂ ಹೇಳಬೇಕಲ್ಲ ಎಂದು ನಾನು, "ಮಕ್ಕಳು ಎಲ್ಲೋ ಬೀಳಿಸಿರ್ತಾವೆ," ಎಂದೆ.

"ನಮ್ಮ ಮಕ್ಕಳು ತುಂಡು ಕಳೆಯಂಗಿಲ್ಲ," ಎಂದರು ರಾಜೇಶ್ವರಮ್ಮ, ಕಣ್ಣೀರಿನಲ್ಲೂ ಗಟ್ಟಿಯಾಗಿ.

ಮಾತು ಬದಲಿಸಲು ವಕೀಲರು, "ಇರಲಿ ಬಿಡಿ, ಹೊಸ ಇಪ್ಪತ್ತೇಳರ ಲೆಕ್ಕಾನೂ ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ," ಎಂದರು. ನಾನು ಆರ್ಡರ್ ಪುಸ್ತಕ ಬಿಚ್ಚಿದೆ. ಹಾಳೆಗಳ ನಡುವಿನಿಂದ ಅಂಗೈಯಗಲದ ತುಂಡೊಂದು ಜಾರಿ ನನ್ನ ಕಾಲ ಬಳಿ ಬಿತ್ತು. ಚಿ. ರಾ. ಶ್ರೀಶ.

ಸುಷ್ಮಿತಾಳ ಕೈಯಿಂದ ಕಿತ್ತುಕೊಂಡದ್ದು. ಅದೇ ಸಿಟ್ಟಿನಲ್ಲಿ, ಅಂದು ಕಂಕುಳಲ್ಲಿದ್ದ ಈ ಪುಸ್ತಕದೊಳಗೆ ತುರುಕಿದ್ದೆ. ನಾಲ್ಕು ಜನ ನನ್ನನ್ನೇ ನೋಡಿದರು. ತಪ್ಪೊಪ್ಪಿಕೊಳ್ಳದೆ ಇನ್ನು ಬೇರೆ ದಾರಿಯೇ ಇರಲಿಲ್ಲ. ಮಗುವಿನ ಕೈಯಿಂದ ಕಿತ್ತದ್ದನ್ನೂ, ಕಟ್ಟನ್ನು ಕೆಳಗಿನ ಹಲಗೆಯ ಮೇಲೆ ಇಟ್ಟವನು ನಾನೇ ಎಂಬುದನ್ನೂ ಹೇಳಿದೆ. ಎರಡನೆಯದನ್ನು ಅಲ್ಲಿಯವರೆಗೆ ರಾಜೇಶ್ವರಮ್ಮನಿಗೂ ಹೇಳಿರಲಿಲ್ಲ.

"ಹಂಗಾದ್ರೆ ನೀನೇ ಕೂಡ್ಸು," ಎಂದರು ಅವರು.

ಮಂಡಿಯೂರಿ ತುಂಡನ್ನು ಅದರ ಜೋಡಿಗೆ ಸರಿಸಿದೆ. ಅಂಚಿಗೆ ಅಂಚು ಕೂತಿತು. ರಾಜೇಶ್ವರಮ್ಮ ಮೂಗು ಒರೆಸಿಕೊಂಡು, "ವಾದ್ಯ," ಎಂದರು. ನಾನು ಸುತ್ತ ನೋಡಿದೆ. ಯಾರೂ ನನ್ನನ್ನು ಬಿಡುವಂತಿರಲಿಲ್ಲ. ಐವತ್ತೊಂದು ವರ್ಷದ ಮನುಷ್ಯ ವಕೀಲರ ಹಾಲಿನಲ್ಲಿ ಕೆನ್ನೆ ಉಬ್ಬಿಸಿ ಪೀಂ ಪೀಂ ಡುಂ ಡುಂ ಎಂದೆ. ವಾಸಂತಿಯವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಲೇ ಎದ್ದು ಹೋಗಿ ಅರಿಶಿನದ ಬಟ್ಟಲು ತಂದರು. ನಾನು ತಂದಿದ್ದ ಹೊಸ ಇಪ್ಪತ್ತೇಳಕ್ಕೂ ಹಚ್ಚಿದರು. ಕತ್ತರಿಸಿದವನ್ನು ಹಿಂದಿರುಗಿಸಲಿಲ್ಲ. ಮದುವೆ ಮನೆಯಲ್ಲಿ ನೆಂಟರ ಮಕ್ಕಳಿಗೆ ಆಡಲು ಬೇಕಂತೆ. "ಮದುವೆ ಆದ್ಮೇಲೆ ನಮ್ಮ ಕಡೆಯ ಹಳೇ ಕಾರ್ಡೆಲ್ಲ ನಿಮಗೇ ಕಳಿಸ್ತೀನಿ ಅಮ್ಮಾ," ಎಂದರು. ರಾಜೇಶ್ವರಮ್ಮ ಆಗ ಲೋಟ ಎತ್ತಿ, ಆರಿ ತಣ್ಣಗಾದ ಕಾಫಿಯನ್ನು ಪೂರಾ ಕುಡಿದರು. ಇನ್ನು ಮುಂದೆ ಅರಿಶಿನದ ಜೊತೆ ತಾರೀಖನ್ನೂ ನೋಡುತ್ತೇನೆ ಎಂದು ಬಸ್ಸಿನಲ್ಲಿ ನನಗೆ ಮೂರು ಸಲ ಹೇಳಿದರು.

ಮುಂದಿನ ಭಾನುವಾರ ಕತ್ತರಿಯನ್ನು ಕೊಡಲು ನಾನೇ ಜಗುಲಿಗೆ ಹೋದೆ. ಮಕ್ಕಳು ಮೀನಿನ ಆಟಕ್ಕೆ ಕೂತಿದ್ದರು. ನನ್ನನ್ನು ಕಂಡದ್ದೇ ಸುಷ್ಮಿತಾ ತನ್ನ ಮೀನನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ನಾನು ಕತ್ತರಿಯನ್ನು ರಾಜೇಶ್ವರಮ್ಮನ ಪಕ್ಕದಲ್ಲಿಟ್ಟು, ಖಾಲಿ ಕೈಯಲ್ಲಿ ಅವಳೆದುರು ಕುಕ್ಕರಗಾಲಲ್ಲಿ ಕೂತೆ.

"ನನ್ನ ತುಂಡು ಸಿಕ್ತಾ?" ಎಂದು ಕೇಳಿದಳು.

"ಸಿಕ್ತವ್ವ."

"ಎಲ್ಲಿತ್ತು?"

"ನನ್ನ ಹತ್ರಾನೇ ಇತ್ತು."

ಅವಳು ಬೆನ್ನ ಹಿಂದಿನಿಂದ ಮೀನನ್ನು ತೆಗೆದು ಉಳಿದವುಗಳ ಜೊತೆ ಇಟ್ಟಳು.

"ಹಂಗಾದ್ರೆ ನೀವು ಔಟ್. ಈ ಆಟ ಮುಗಿಯೋ ತಂಕ ಕೈ ಕಟ್ಕಂಡು ಕೂರ್ರಿ. ಮುಂದಿನ್ದಕ್ಕೆ ಸೇರಿಸ್ಕಂತೀವಿ."

ನಾನು ಜಗುಲಿಯ ಕಂಬಕ್ಕೆ ಒರಗಿ, ಕೈ ಕಟ್ಟಿಕೊಂಡು ಕೂತೆ.