ತವರಿಗೆ ಹೋಗದ ಹದಿನಾರು ವರ್ಷ

ನಾನು ಜ್ಞಾನೇಶ್ವರ. ಬಸವಕಲ್ಯಾಣದ ತಹಸೀಲ್ ಕಚೇರಿಯ ಎದುರಿಗೆ ಇಪ್ಪತ್ತೆರಡು ವರ್ಷಗಳಿಂದ ಅರ್ಜಿ ಬರೆದು ಕೊಡುತ್ತಿದ್ದೇನೆ. ಮೊದಲು ಕೈಬರಹ, ಆಮೇಲೆ ಟೈಪು, ಈಗ ಕಂಪ್ಯೂಟರು. ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಜೋರಿರಲಿ ಬಿಡಿ. ಮೂರು ಸಲ ಹೇಳಿದರೂ ಆಧಾರ್ ಕಾರ್ಡಿನ ಬದಲು ಕರೆಂಟ್ ಬಿಲ್ಲು ಹಿಡಿದು ಬರುವವರ ಹತ್ತಿರ ಮೆತ್ತಗೆ ಮಾತಾಡಲು ನಾನೇನು ಸಂತನೇ? ಆದರೆ ಮನಮಾಯಾಳ ಮೇಲೆ ದನಿ ಎತ್ತಿದ್ದು ಒಂದೇ ಸಲ, ಅದೂ ಅವಳ ತಪ್ಪಿಲ್ಲದೆ. ಅದಕ್ಕೆ ಇವತ್ತಿಗೂ ನನಗೆ ಕೆಡುಕೆನಿಸುತ್ತದೆ.

ಅವಳು ನೇಪಾಳದವಳು. ಅವಳ ಅಣ್ಣ ಹುಮನಾಬಾದಿನ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆಗಿದ್ದ. ಅವನಿಗೆ ಅಡುಗೆ ಮಾಡಿ ಹಾಕಲು ಬಂದವಳನ್ನು ಅದೇ ಫ್ಯಾಕ್ಟರಿಯ ಉತ್ತಮ ನೋಡಿದ, ಮೆಚ್ಚಿದ, ಮದುವೆಯಾಗಿ ಬಸವಕಲ್ಯಾಣದ ತನ್ನ ಮನೆಗೆ ಕರೆತಂದ. ಎರಡೂ ಮನೆಯಲ್ಲಿ ಬುದ್ಧನ ಪಟವಿತ್ತು. ಹಾಗಾಗಿ ಉತ್ತಮನ ತಾಯಿ ಶೇವಂತಾಬಾಯಿ ಹೆಚ್ಚು ರಂಪ ಮಾಡಲಿಲ್ಲ. ಆದರೆ ಹಳೆಯ ರೂಢಿ ಬಿಡಲಿಲ್ಲ. ತಾಟಿನಲ್ಲಿ ಅಕ್ಕಿ ಹರಡಿ, ಮಗನ ಬೆರಳಿನಿಂದ ಸೊಸೆಗೆ ಹೊಸ ಹೆಸರು ಬರೆಸಿದರು: ಸುಗಂಧಾ. ಅಂದಿನಿಂದ ಓಣಿಗೆಲ್ಲ ಅವಳು ಸುಗಂಧಾ. ಮಗಳು ಪ್ರಣಿತಾಳ ಶಾಲೆಯ ದಾಖಲೆಯಲ್ಲೂ ತಾಯಿ ಸುಗಂಧಾ. ಮನಮಾಯಾ ಎಂಬ ಹೆಸರು ನೇಪಾಳದಿಂದ ತಂದ ಒಂದು ಕಾಗದದಲ್ಲಿ ಮಾತ್ರ ಉಳಿಯಿತು.

ಮದುವೆಯಾದ ಹದಿನಾರನೆಯ ವರ್ಷ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಅಣ್ಣಾ, ಓಟಿನ ದಿನ ಮನಿಮಂದಿ ಎಲ್ಲಾ ಒಳಗ ಹೋಗ್ತಾರ. ನಾ ಒಬ್ಬಾಕಿ ಗೇಟಿನ ಹೊರಗ ನಿಂದರ್ತೀನಿ. ಅವ್ವಾ ನೀ ಯಾಕ ಬರೂದಿಲ್ಲ ಅಂತ ಮಗಳು ಕೇಳ್ತಾಳ. ನನಗ ಈ ದೇಶದಾಕಿ ಅನ್ನೂ ಕಾಗದ ಬೇಕ್ರಿ."

ಭಾರತೀಯನ ಹೆಂಡತಿ ಏಳು ವರ್ಷ ಇಲ್ಲೇ ವಾಸವಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ನೇಪಾಳದ ಕಾಗದದಲ್ಲಿದ್ದ ಹೆಸರಿನಲ್ಲೇ ಹಾಕಿದೆವು. ಐದು ತಿಂಗಳಾದ ಮೇಲೆ ನೋಟಿಸು ಬಂತು. ಅರ್ಜಿದಾರಳು ಸದರಿ ವಿಳಾಸದಲ್ಲಿ ವಾಸವಿಲ್ಲವೆಂದು ಪೊಲೀಸರ ವರದಿ ಬಂದಿದೆ, ಹುಮನಾಬಾದಿನ ಡಿವೈಎಸ್‌ಪಿ ಕಚೇರಿಯಲ್ಲಿ ವಿಚಾರಣೆಗೆ ಬಂದು ರುಜುವಾತು ಮಾಡದಿದ್ದರೆ ಅರ್ಜಿ ವಜಾ. ಓದಿ ನನ್ನ ಪಿತ್ತ ನೆತ್ತಿಗೇರಿತು.

"ಪೊಲೀಸ್ರು ಮನೀಗಿ ಬಂದಾಗ ಎಲ್ಲಿ ಹೋಗಿದ್ದಿ ತಾಯಿ ನೀ?" ಎಂದು ಜನರೆದುರಿಗೇ ಕೂಗಿದೆ.

"ಹಿತ್ತಲದಾಗ ಬಟ್ಟಿ ಒಗಿಯಾಕತ್ತಿದ್ದೆ ಅಣ್ಣಾ," ಎಂದು ಅವಳು ತಲೆ ತಗ್ಗಿಸಿದಳು.

ಹಿಂದೆ ನಿಂತಿದ್ದ ಶೇವಂತಾಬಾಯಿ ಮುಂದೆ ಬಂದರು. "ಅಕಿಗಿ ಯಾಕ ಬೈತಿ ಬಾಬಾ? ಮನಮಾಯಾ ಅನ್ನಾಕಿ ಇಲ್ಲಿ ಯಾರೂ ಇಲ್ಲಂತ ನಾನೇ ಹೇಳ್ದೆ."

"ಅಯ್ಯೋ ಆಯಿ, ಹಂಗ್ಯಾಕ ಹೇಳಿದ್ರಿ?"

"ಖಾಕಿ ಹಾಕ್ಕೊಂಡು ಬಂದು ಹಳೀ ಹೆಸರು ಹಿಡಿದು ಕೇಳ್ದ. ಅಕಿನ್ನ ವಾಪಸ್ ಒಯ್ಯಾಕ ಬಂದಾನ ಅಂತ ತಿಳಿದೆ."

ಅಕ್ಕಪಕ್ಕದವರೂ ಅದನ್ನೇ ಹೇಳಿದ್ದರು. ಅವರದು ಸುಳ್ಳೂ ಅಲ್ಲ, ಅವರಿಗೆ ಗೊತ್ತಿದ್ದವಳು ಸುಗಂಧಾ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಪಾಪ ಸುಮ್ಮನಿದ್ದ, ವರಕ್ಕೆ ಅಡ್ಡ ನಿಂತದ್ದು ಮನೆಯ ಅತ್ತೆ, ಅದೂ ಪ್ರೀತಿಗೆ! ನಾನು ಬೈಯುವುದು ಬಿಟ್ಟು ಮೂರು ಕಪ್ಪು ಚಹಾ ತರಿಸಿದೆ.

ವಿಚಾರಣೆಯ ದಿನ ನಾನೂ ಹುಮನಾಬಾದಿಗೆ ಹೋದೆ. ಉತ್ತಮನ ಹೇಳಿಕೆ ಬೇಗ ಮುಗಿಯಿತು. ಅಧಿಕಾರಿ ಮುದುಕಿಯ ಕಡೆ ತಿರುಗಿದರು.

"ಆಯಿ, ಅವತ್ತು ಇಲ್ಲ ಅಂದ್ರಿ. ಇವತ್ತು ಹದಿನಾರು ವರ್ಷ ನಮ್ಮ ಮನ್ಯಾಗೇ ಅದಾಳ ಅಂತೀರಿ. ಯಾವುದು ಖರೆ? ನೇಪಾಳದ ಗಡಿಯಾಗ ಪಾಸ್‌ಪೋರ್ಟಿಗೆ ಸಿಕ್ಕಾ ಹೊಡಿಯೂದಿಲ್ಲ. ಈಕಿ ಎಷ್ಟು ಸಲ ಹೋಗಿ, ಎಷ್ಟು ತಿಂಗಳು ಅಲ್ಲಿ ಇದ್ದು ಬಂದಾಳ ಅಂತ ನಾ ಹ್ಯಾಂಗ ತಿಳೀಲಿ?"

ನನ್ನ ಹತ್ತಿರ ಅದಕ್ಕೆ ಕಾಗದವಿರಲಿಲ್ಲ. ಹೋದದ್ದಕ್ಕಾದರೆ ರೈಲಿನ ಚೀಟಿ ಇರುತ್ತದೆ, ಹೋಗದೇ ಇದ್ದದ್ದಕ್ಕೆ ಏನು ತೋರಿಸುವುದು?

ಶೇವಂತಾಬಾಯಿ ಸೆರಗಿನ ತುದಿ ಹಿಂಡುತ್ತ ಕುಳಿತರು. ಆಮೇಲೆ ಹೇಳಿದರು.

"ಒಂದು ಸಲನೂ ಹೋಗಿಲ್ರಿ ಸಾಹೇಬ್ರ. ನಾ ಬಿಟ್ಟಿಲ್ಲ. ಕೊರೋನಾದ ಹಿಂದಿನ ವರ್ಷ ಇಕಿ ತಾಯಿ ತೀರಿಕೊಂಡ್ಳು. ಅಣ್ಣ ನೇಪಾಳದಿಂದ ಫೋನ್ ಮಾಡಿದ್ದ. ಫೋನ್ ಎತ್ತಿದಾಕಿ ನಾನು. ಹೋದಾಕಿ ತಿರುಗಿ ಬರದಿದ್ರ ನನ್ನ ಮಗನ ಗತಿ, ಆ ಕೂಸಿನ ಗತಿ ಏನು ಅಂತ ಹೆದರಿ, ಹದಿಮೂರು ದಿನ ಬಾಯಿ ಬಿಡಲಿಲ್ಲ. ಕರ್ಮದ ದಿನ ಎಲ್ಲಾ ಮುಗಿದ ಮ್ಯಾಲ ಹೇಳ್ದೆ. ಸತ್ತ ತಾಯಿ ಮುಖಕ್ಕೂ ಕಳಿಸದ ಪಾಪಿ ನಾನು. ಇಲ್ಲೇ ಇದ್ಳು ಅನ್ನಾಕ ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕ್ರಿ? ಬರಕೊಳ್ರಿ. ನನ್ನ ಹೆಬ್ಬಟ್ಟು ಒತ್ತಿಸ್ಕೊಳ್ರಿ."

ಉತ್ತಮ ಬಾಯಿ ತೆರೆದು ತಾಯಿಯನ್ನೇ ನೋಡಿದ. ಅವನಿಗೂ ಇದು ಗೊತ್ತಿರಲಿಲ್ಲ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಹೆಬ್ಬಟ್ಟು ಒತ್ತಿಸಿಕೊಂಡರು.

ಹೊರಗೆ ಬಂದಾಗ ಮುದುಕಿಗೆ ಸೊಸೆಯ ಮುಖ ನೋಡುವ ಧೈರ್ಯವಿರಲಿಲ್ಲ. ಮನಮಾಯಾ ತಾನೇ ಹತ್ತಿರ ಬಂದು ಅತ್ತೆಯ ಕೈಗೆ ಹತ್ತಿದ್ದ ಶಾಯಿಯನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು.

"ನನಗ ಗೊತ್ತಿತ್ತು ಅತ್ಯಾ. ಫೋನ್ ಮೊದಲೇ ಮಾಡಿದ್ದೆ ಅಂತ ಆ ವರ್ಷನೇ ಅಣ್ಣ ಹೇಳಿದ್ದ."

"ಗೊತ್ತಿದ್ದೂ ಒಂದು ಮಾತು ಬೈಲಿಲ್ಲಲ್ಲವ್ವಾ?"

"ಭಾಳ ಸಿಟ್ಟು ಬಂದಿತ್ತು. ಬಿಟ್ಟು ಹೋಗಬೇಕು ಅನ್ನಿಸಿತ್ತು. ಆದ್ರ ಅವ್ವ ಹೋದ ಮ್ಯಾಲ ಅಳಾಕ ನನಗ ನಿಮ್ಮ ತೊಡಿ ಬಿಟ್ರ ಬ್ಯಾರೆ ಜಾಗಾ ಎಲ್ಲಿತ್ತು?"

ನಾನು ಬಸ್ಸಿನ ವೇಳೆ ಕೇಳುವ ನೆಪದಲ್ಲಿ ಆಚೆ ಹೋದೆ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳೇಕೆ ಹೇಳಲಿ.

ಫೈಲು ಬೀದರಿಗೆ ಹೋಯಿತು, ಬೆಂಗಳೂರಿಗೆ ಹೋಯಿತು, ದಿಲ್ಲಿಗೆ ಹೋಯಿತು. ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಮತ್ತೊಂದು ವರ್ಷ ಕಳೆದಿತ್ತು. ಮನಮಾಯಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ತೋರಿಸಲು ಬಂದಳು. ಜೊತೆಗೆ ಅತ್ತೆಯೂ ಇದ್ದರು. ಪೇಢೆ ಕೊಟ್ಟು, ಮುದುಕಿ ನನ್ನ ಕಂಪ್ಯೂಟರಿನ ಕಡೆ ಬೆರಳು ಮಾಡಿದರು.

"ಬಾಬಾ, ಇದರಾಗ ರೈಲಿನ ಟಿಕೆಟ್ ತೆಗಿತಿಯಲ್ಲ, ಇಕಿಗಿ ನೇಪಾಳದ ಕಡಿಗಿ ಒಂದು ತೆಗಿ. ಈಗ ಹೋಗಿ ಬರ್ಲಿ. ಈಗ ನನಗ ಹೆದರಿಕಿಲ್ಲ."

"ಎರಡು ತೆಗೀರಿ ಅಣ್ಣಾ," ಎಂದಳು ಮನಮಾಯಾ. "ಅತ್ತಿನೂ ಬರ್ತಾರ."

ಶೇವಂತಾಬಾಯಿ ಗಾಬರಿಯಾದರು. "ಹುಚ್ಚಿ! ನಿಮ್ಮವ್ವನ ಊರಾಗ ನಾ ಯಾವ ಮುಖ ಇಟ್ಕೊಂಡು ನಿಂದರ್ಲಿ? ಏನಂತ ಹೇಳ್ಲಿ?"

"ಮಗಳನ್ನ ತವರಿಗಿ ಕರಕೊಂಡು ಬಂದೀನಿ ಅನ್ರಿ ಅತ್ಯಾ. ಸ್ವಲ್ಪ ತಡಾ ಆತು ಅನ್ರಿ, ಅಷ್ಟೇ."