ಮೇಣದ ಬಟ್ಟೆ ಸುತ್ತಿದ ಏರ್ ಕ್ಲೀನರ್

ಚಿಕ್ಕಪ್ಪನ ಟ್ಯಾಕ್ಸಿಯ ಇಂಜಿನ್ನಿಗಿದ್ದ ಏರ್ ಕ್ಲೀನರ್ ಆ ಕಾರಿನದಲ್ಲ. ಹಳೆಯದು ತುಕ್ಕು ಹಿಡಿದು ಹೋದಾಗ ಹಾಸನದ ಗುಜರಿ ಅಂಗಡಿಯಿಂದ ಯಾವುದೋ ಲಾರಿಯದನ್ನು ತಂದು ಕೂರಿಸಿದ್ದರು. ಅದೋ ಅನ್ನ ಬೇಯಿಸುವ ಪಾತ್ರೆಯಷ್ಟು ದೊಡ್ಡದು. ಬಾನೆಟ್ಟಿನ ಪಕ್ಕದ ತಗಡು ಮುಚ್ಚಲಿಲ್ಲವೆಂದು ಆ ತಗಡನ್ನೇ ಕಿತ್ತು ಅಟ್ಟಕ್ಕೆ ಹಾಕಿದರು. ಆಮೇಲೆ ಮೋಡ ಕಂಡರೆ ಸಾಕು, ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಳಗೆ ನೀರು ಹೋದರೆ ಇಂಜಿನ್ ಹಾಳು ಎಂದು ಯಾರೋ ಹೆದರಿಸಿಬಿಟ್ಟಿದ್ದರು. ಮನೆಮಂದಿಯೆಲ್ಲ ನೆನೆದರೂ ಚಿಂತೆಯಿಲ್ಲ, ಅದೊಂದು ನೆನೆಯಬಾರದು.

ಅರವತ್ತರ ದಶಕದ ಶುರುವಿನ ಮಾತು. ಹಾಸನದಲ್ಲಿ ನನಗೆ ಟೀಚರ್ ಕೆಲಸದ ಸಂದರ್ಶನವಿತ್ತು. ಅದು ಕೈತಪ್ಪಿದರೆ ಅರಕಲಗೂಡಿನ ಸಂಬಂಧಕ್ಕೆ ಒಪ್ಪಿಕೊಳ್ಳಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು. ಗಂಡಿಗೆ ಜಮೀನು ಬೇಕಾದಷ್ಟಿತ್ತು, ಮೊದಲ ಹೆಂಡತಿ ತೀರಿಕೊಂಡಿದ್ದಳು, ವಯಸ್ಸು ನನ್ನ ಸೋದರಮಾವನದು. ಆ ಸಂಬಂಧ ಹುಡುಕಿ ತಂದವರು ಇದೇ ಚಿಕ್ಕಪ್ಪ. ಚನ್ನರಾಯಪಟ್ಟಣದಿಂದ ಅಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೊರಟವರೂ ಅವರೇ. ಬಸ್ಸಿಗೆ ಹೋಗುತ್ತೇನೆ ಎಂದಿದ್ದಕ್ಕೆ, ಮನೆಯಲ್ಲಿ ಕಾರಿರುವಾಗ ಬಸ್ಸೇಕೆ ಎಂದು ಅಪ್ಪ ಗದರಿದರು.

ಊರು ದಾಟುತ್ತಲೇ ಮಳೆ ಹಿಡಿಯಿತು. ಚಿಕ್ಕಪ್ಪ ಕಾರು ನಿಲ್ಲಿಸಿ, ಸೀಟಿನಡಿಯಿಂದ ಮೇಣದ ಬಟ್ಟೆ ತೆಗೆದು ಏರ್ ಕ್ಲೀನರಿಗೆ ಸುತ್ತಿ ಹುರಿ ಕಟ್ಟಿದರು. ಒಂದಷ್ಟು ದೂರ ಹೋಗಿ ಕಾರು ಕೆಮ್ಮಿ ನಿಂತಿತು. ನೀರು ಹೋಗಿರಬೇಕೆಂದು ಹುರಿಯನ್ನು ಇನ್ನೂ ಬಿಗಿದರು. ಮತ್ತೆ ಹೊರಟೆವು, ಮತ್ತೆ ನಿಂತಿತು. ಆಗ ಹೆಗಲ ಮೇಲಿನ ಟವೆಲ್ಲನ್ನೂ ಅದಕ್ಕೇ ಸುತ್ತಿದರು. ನಾನು ಹಿಂದಿನ ಸೀಟಿನಲ್ಲಿ ಸೆರಗಿನ ತುದಿ ಹಿಂಡುತ್ತ ಕೂತಿದ್ದೆ. ನಮ್ಮನ್ನು ಹಿಂದೆ ಹಾಕಿ ಹಾಸನದ ಬಸ್ಸು ಹೋಯಿತು. ಬೂವನಹಳ್ಳಿ ಹತ್ತಿರ ಕಾರು ಪೂರ್ತಿ ಕೈಕೊಟ್ಟಿತು. ಇವರು ಬೇಕೆಂತಲೇ ನಿಲ್ಲಿಸುತ್ತಿದ್ದಾರೆ ಎಂಬ ಅನುಮಾನ ನನಗೆ ಆಗ ಗಟ್ಟಿಯಾಯಿತು.

ಕೆಳಗಿಳಿದು ಮಳೆಯಲ್ಲೇ ಕೇಳಿಬಿಟ್ಟೆ: “ನಾನ್ ಓಗ್‌ಬಾರ್ದು ಅಂತ ತಾನೆ ಚಿಕ್ಕಪ್ಪ, ನೀವು ಇಂಗ್ ಮಾಡ್ತಿರದು?”

ಅವರು ಪಿಳಿಪಿಳಿ ನೋಡಿದರು. ನಾನು ಅಳುತ್ತಲೇ ಹುರಿ ಕಿತ್ತೆ, ಟವೆಲ್ಲು, ಮೇಣದ ಬಟ್ಟೆ ಎಲ್ಲವನ್ನೂ ಎಳೆದು ಚರಂಡಿಗೆ ಎಸೆದೆ. ನೀರು ಹೋದರೆ ಹೋಗಲಿ, ಓಡಿಸಿ ಎಂದೆ. ಅವರು ಹೋಗಿ ಕೀಲಿ ತಿರುಗಿಸಿದರು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಇಂಜಿನ್ನಿಗೂ ಉಸಿರು ಬೇಕು, ಗಾಳಿ ಒಳಹೋಗುವ ಬಾಯನ್ನೇ ಕಟ್ಟಿದ್ದೆವು ಎಂಬುದು ಇಬ್ಬರಿಗೂ ಹೊಳೆದದ್ದು ಆಗಲೇ. ಚಿಕ್ಕಪ್ಪ ಡಿಕ್ಕಿಯಿಂದ ಗೋಣಿಚೀಲ ತಂದು, ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ, ಮಳೆಗಾಲದಲ್ಲಿ ಹೊಲಕ್ಕೆ ಹೋಗುವವರು ತಲೆಗೆ ಹಾಕಿಕೊಳ್ಳುವಂಥ ಕೊಪ್ಪೆ ಮಾಡಿ ಏರ್ ಕ್ಲೀನರಿಗೆ ಹೊದಿಸಿದರು. ಹೊಡೆಯುವ ಮಳೆಗೆ ಕೊಪ್ಪೆಯ ಬೆನ್ನು, ಗಾಳಿಯಾಡಲು ಈ ಕಡೆ ಮುಖ ತೆರೆದಿತ್ತು. ಹಾಸನದವರೆಗೆ ಕಾರು ಎಲ್ಲೂ ನಿಲ್ಲಲಿಲ್ಲ.

ನನ್ನ ಹೆಸರು ಆಗಲೇ ಕರೆದು ಆಗಿತ್ತು. ಕೈಮುಗಿದು ಕೇಳಿಕೊಂಡ ಮೇಲೆ ಕೊನೆಯವಳಾಗಿ ಒಳಗೆ ಬಿಟ್ಟರು. ಒದ್ದೆ ಸೀರೆಯಲ್ಲಿ ನಡುಗುತ್ತ ಏನೇನೋ ಹೇಳಿದೆ. ತಿಳಿಸುತ್ತೇವೆ, ಹೋಗಿ ಎಂದರು. ಆ ದನಿ ಕೇಳಿಯೇ ನನ್ನ ಆಸೆ ಇಂಗಿತು.

ಬಂದು ಕೂತರೆ ಕಾರು ನಮ್ಮೂರ ದಾರಿ ಬಿಟ್ಟು ಅರಕಲಗೂಡಿನ ರಸ್ತೆಗೆ ತಿರುಗಿತು. ಇಂದೇ ನನ್ನನ್ನು ಗಂಡಿಗೆ ತೋರಿಸಿ ಮುಗಿಸುತ್ತಾರೆ ಎಂದುಕೊಂಡೆ. ಎಲ್ಲಿಗೆ ಎಂದು ಕೇಳಿದೆ.

“ಬ್ಯಾರೆ ಕಡೆ ನೋಡ್ಕಳಿ ಅಂತ ಗಂಡಿನೋರ್ಗೆ ಯೋಳ್‌ಬುಟ್ಟು ಓಗಾನ.”

“ಕೆಲ್ಸ ಸಿಕ್ಕದೆ ಓದ್ರೆ?”

ಚಿಕ್ಕಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಸಿಕ್ಲಿ ಬುಡ್ಲಿ. ನಿಂಗೆ ಇಷ್ಟು ಬ್ಯಾಡಾಗಿತ್ತು ಅಂತ ನಂಗೆ ಗೊತ್ತಿರ್ನಿಲ್ಲ ಕಣವ್ವ. ನೀನೂ ಯೋಳ್ನಿಲ್ಲ, ನಾವೂ ಕೇಳ್ನಿಲ್ಲ.”